ಭೂತ ಬಂಗಲೆಯ ಮುಂದಿನ ಕೀಲಿಕೈ ಪಡೆಯುವುದು ಹೇಗೆ?

ವಿಡಿಯೊ ಗೇಮ್ ಒಂದರ ಭೂತ ಬಂಗಲೆ, ಬೀಗ ಹಾಕಿದ ಬಾಗಿಲು. ಆಟದ ನಾಯಕ ಲೂಯಿಜಿ ಹಿಡಿಕೆ ಹಿಡಿದು ಎಷ್ಟು ಅಲ್ಲಾಡಿಸಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಆಗ ಹೊಸಬರು ಸಾಮಾನ್ಯವಾಗಿ ಹಳೆಯ ಕೋಣೆಗಳಿಗೆ ವಾಪಸ್ ಹೋಗುತ್ತಾರೆ. ಕಂಡ ಕಪಾಟು, ಡ್ರಾಯರ್, ಹೂದಾನಿಗಳನ್ನೆಲ್ಲ ಅಲ್ಲಾಡಿಸುತ್ತಾರೆ. ನಾಣ್ಯ ಉದುರುತ್ತವೆ, ನೋಟು ಹಾರುತ್ತವೆ. ಕೀಲಿಕೈ ಮಾತ್ರ ಸಿಗುವುದಿಲ್ಲ. ಅರ್ಧ ಗಂಟೆ ಸುಮ್ನೆ ಹೋಗುತ್ತದೆ.

ನಿಂಟೆಂಡೊ ಕಂಪನಿ 2001ರಲ್ಲಿ ಗೇಮ್‌ಕ್ಯೂಬ್ ಎಂಬ ತನ್ನ ಗೇಮ್ ಯಂತ್ರದ ಜೊತೆಗೇ ಬಿಡುಗಡೆ ಮಾಡಿದ ‘ಲೂಯಿಜಿಸ್ ಮ್ಯಾನ್ಷನ್’ ಆಟದ ಮಾತಿದು. 2018ರಲ್ಲಿ ಅದೇ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ 3ಡಿಎಸ್‌ಗೂ ಬಂತು. ಬಂಗಲೆಯಲ್ಲಿ ಕಾಣೆಯಾದ ಅಣ್ಣ ಮಾರಿಯೊನನ್ನು ಹುಡುಕಿಕೊಂಡು ಹೋಗುವ ಲೂಯಿಜಿ, ದೆವ್ವಗಳನ್ನು ಪೋಲ್ಟರ್‌ಗಸ್ಟ್ 3000 ಎಂಬ ವ್ಯಾಕ್ಯೂಮ್ ಯಂತ್ರದಿಂದ ಎಳೆದು ಹಿಡಿಯಬೇಕು. ಈ ಆಟದ ಒಂದು ಗುಟ್ಟು ಗೊತ್ತಿದ್ದರೆ ಸಾಕು, ಬಹುತೇಕ ಕಡೆ ದಾರಿ ತಪ್ಪುವುದಿಲ್ಲ. ಕೋಣೆಯ ದೆವ್ವಗಳನ್ನೆಲ್ಲ ಹಿಡಿದರೆ ದೀಪ ಹತ್ತುತ್ತದೆ. ದೀಪ ಹತ್ತಿದ ಮೇಲೆ ಪೆಟ್ಟಿಗೆ ಬರುತ್ತದೆ. ಮುಂದಿನ ಕೀಲಿಕೈ ಇರುವುದು ಅಂಥ ಪೆಟ್ಟಿಗೆಯಲ್ಲಿ. ಹಾಗಾಗಿ ಸಿಕ್ಕಿಕೊಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಕೈಗೆಟಕುವ ಯಾವ ಕೋಣೆ ಇನ್ನೂ ಕತ್ತಲಲ್ಲಿದೆ?

ಮೊದಲ ಹೆಜ್ಜೆ, ನಕ್ಷೆ ನೋಡುವುದು. ಆಟದ ಆರಂಭದಲ್ಲೇ ದೆವ್ವಗಳ ಸಂಶೋಧಕ ಪ್ರೊಫೆಸರ್ ಇ. ಗ್ಯಾಡ್ ನಿಮಗೆ ಗೇಮ್ ಬಾಯ್ ಹಾರರ್ ಎಂಬ ಪುಟ್ಟ ಸಾಧನ ಕೊಡುತ್ತಾರೆ. ಅದರ ನಕ್ಷೆಯಲ್ಲಿ ಬೆಳಕಾದ ಕೋಣೆ, ಕತ್ತಲ ಕೋಣೆ ಬೇರೆ ಬೇರೆಯಾಗಿ ಕಾಣುತ್ತವೆ. ಕೀಲಿಕೈ ಎತ್ತಿಕೊಂಡ ಕೂಡಲೇ ಅದು ಯಾವ ಬಾಗಿಲಿನದು ಅಂತಲೂ ಇದೇ ನಕ್ಷೆ ತೋರಿಸುತ್ತದೆ. ಬಾಗಿಲು ಬಾಗಿಲಿಗೆ ಹೋಗಿ ಕೀಲಿ ಹಾಕಿ ನೋಡುವ ಕಷ್ಟವೇ ಇಲ್ಲ. ಬಂಗಲೆಯಲ್ಲಿ ಕೆಲವು ಸುಳ್ಳು ಬಾಗಿಲುಗಳೂ ಇವೆ. ತೆರೆಯಲು ಹೋದರೆ ಲೂಯಿಜಿಯನ್ನು ಗೋಡೆಗೆ ಅಪ್ಪಳಿಸುತ್ತವೆ. ಆದ್ದರಿಂದ ಯಾವುದೇ ಬಾಗಿಲಿಗೆ ಕೈ ಹಾಕುವ ಮೊದಲು ನಕ್ಷೆಯಲ್ಲಿ ಅಲ್ಲಿ ಬಾಗಿಲು ಇದೆಯಾ ಅಂತ ನೋಡಿಬಿಡಿ.

ಎರಡನೆಯದು ಕೋಣೆಯನ್ನು ಗೆಲ್ಲುವುದು. ಸಾಧಾರಣ ದೆವ್ವಗಳಿಗೆ ಒಂದೇ ಉಪಾಯ. ಟಾರ್ಚ್ ಆರಿಸಿ ನಿಂತುಕೊಳ್ಳಿ, ದೆವ್ವ ಹತ್ತಿರ ಬರಲಿ. ಬಂದ ಕೂಡಲೇ ಬೆಳಕನ್ನು ಅದರ ಮುಖಕ್ಕೆ ಬಿಡಿ. ಬೆಚ್ಚಿಬಿದ್ದ ದೆವ್ವದ ಎದೆಯಲ್ಲಿ ಹೃದಯ ಕಾಣುತ್ತದೆ. ಅದೇ ಕ್ಷಣ ವ್ಯಾಕ್ಯೂಮ್ ಚಾಲೂ ಮಾಡಿ, ದೆವ್ವ ಓಡುವ ದಿಕ್ಕಿಗೆ ವಿರುದ್ಧವಾಗಿ ಕಂಟ್ರೋಲರ್‌ನ ಕೋಲನ್ನು ಎಳೆಯಿರಿ. ಅದರ ಮೇಲಿನ ಸಂಖ್ಯೆ ಇಳಿಯುತ್ತಾ ಸೊನ್ನೆಯಾದರೆ ಅದು ನಿಮ್ಮದು. ದೂರದಿಂದಲೇ ಟಾರ್ಚ್ ಬಿಟ್ಟುಕೊಂಡು ಓಡಾಡುವವರಿಗೆ ದೆವ್ವ ಮಾಯವಾಗುತ್ತಾ ಆಟ ಆಡಿಸುತ್ತದೆ.

ಈ ಆಟದ ನಿಜವಾದ ಸೊಗಸು ಇರುವುದು ಚಿತ್ರಪಟದ ದೆವ್ವಗಳಲ್ಲಿ. ಮೊದಲು ಚಿತ್ರಪಟದಲ್ಲಿದ್ದು ತಪ್ಪಿಸಿಕೊಂಡ ಇವುಗಳಿಗೆ ಹೆಸರಿದೆ, ಅಭ್ಯಾಸಗಳಿವೆ. ಸುಮ್ನೆ ಬೆಳಕು ಬಿಟ್ಟರೆ ಇವು ಜಗ್ಗುವುದಿಲ್ಲ, ಮೈಮರೆಯುವ ಗಳಿಗೆಗೆ ಕಾಯಬೇಕು. ಓದುವ ಕೋಣೆಯ ನೆವಿಲ್‌ನನ್ನೇ ನೋಡಿ. ಪುಸ್ತಕ ಹಿಡಿದು ಕುರ್ಚಿಯಲ್ಲಿ ತೂಗುತ್ತಾ ಕೂತಿರುತ್ತಾನೆ. ಸುತ್ತ ಪುಸ್ತಕಗಳು ಹಾರಿ ಬಂದು ಹೊಡೆಯುತ್ತವೆ. ಅವುಗಳಿಂದ ತಪ್ಪಿಸಿಕೊಳ್ಳುತ್ತಾ ಅವನ ಮೇಲೆ ಕಣ್ಣಿಡಿ. ಓದಿ ಓದಿ ಸಾಕಾಗಿ ಒಮ್ಮೆ ಆಕಳಿಸುತ್ತಾನೆ. ಟಾರ್ಚ್ ಬಿಡಬೇಕಾದದ್ದು ಆಗಲೇ! ಅವನು ಸೋತರೆ ಸಿಗುವ ಕೀಲಿಕೈ ದೊಡ್ಡ ಮಲಗುವ ಕೋಣೆಯದು.

ಆ ಕೋಣೆಯಲ್ಲಿ ಅವನ ಹೆಂಡತಿ ಲಿಡಿಯಾ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಾ ಕೂತಿದ್ದಾಳೆ. ಇಲ್ಲಿ ಎಷ್ಟು ಕಾದರೂ ಆಕಳಿಕೆ ಬರುವುದಿಲ್ಲ. ವ್ಯಾಕ್ಯೂಮ್‌ನಿಂದ ಕಿಟಕಿಯ ಪರದೆ ಸರಿಸಿ. ಗಾಳಿ ನುಗ್ಗಿ ಕೂದಲು ಕೆದರುತ್ತದೆ. ಪರದೆ ಮುಚ್ಚಲು ಅವಳು ತಿರುಗಿದ ಹೊತ್ತೇ ನಿಮ್ಮ ಹೊತ್ತು. ಅವಳಿಂದ ಮಗುವಿನ ಕೋಣೆಯ ಕೀಲಿಕೈ ಬರುತ್ತದೆ. ಅಪ್ಪ, ಅಮ್ಮ, ಮಗು ಅಂತ ಒಂದು ಸಂಸಾರದ ಕೋಣೆಗಳನ್ನೇ ಕೀಲಿಕೈಗಳಿಂದ ಪೋಣಿಸಿದ್ದಾರೆ. ಬೀಗ ತೆಗೆಯುವುದನ್ನೇ ಕತೆ ಹೇಳುವ ದಾರಿ ಮಾಡಿಕೊಂಡ ಆಟಗಳಲ್ಲಿ ನನಗೆ ಇದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ.

ಮಗುವಿನ ಕೋಣೆಯಲ್ಲಿರುವ ಚಾನ್ಸಿ ಮೊದಲ ಬಾಸ್, ಅಂದರೆ ಆಟದ ಒಂದು ಭಾಗದ ಕೊನೆಗೆ ಎದುರಾಗುವ ದೊಡ್ಡ ದೆವ್ವ. ಅವನನ್ನು ಹಿಡಿದ ಮೇಲೆ ಸಿಗುವ ಕೀಲಿಕೈ ಬೇರೆ ಥರದ್ದು, ಅದರ ಮೇಲೆ ಇಸ್ಪೀಟಿನ ಆಟೀನು ಗುರುತು. ಉಳಿದ ಕೀಲಿಕೈಗಳು ಒಂದೊಂದು ಕೋಣೆ ತೆರೆದರೆ, ಇದು ಬಂಗಲೆಯ ಹೊಸ ಭಾಗವನ್ನೇ ತೆರೆಯುತ್ತದೆ. ಮುಂದಿನ ಬಾಸ್‌ಗಳಲ್ಲಿ ಬಾಗ್‌ಮೈರ್ ಸೋತರೆ ಕಳಾವರ್, ಬೂಲೋಸಸ್ ಸೋತರೆ ಡೈಮಂಡ್.

ಕೆಲವು ಕೋಣೆಗಳಲ್ಲಿ ಏನು ಮಾಡಿದರೂ ಕೆಲಸ ಆಗುವುದಿಲ್ಲ. ಊಟದ ಕೋಣೆಯ ಲಗ್ಸ್ ಅಂಥವನು. ಮೊದಲು ಮೇಣದಬತ್ತಿ ಹಚ್ಚಬೇಕು, ಆಮೇಲೆ ತಟ್ಟೆಯ ಊಟ ಎಳೆದುಕೊಳ್ಳಬೇಕು. ಹಚ್ಚಲು ಬೆಂಕಿ ಬೇಕು, ವ್ಯಾಕ್ಯೂಮ್ ಬೆಂಕಿ ಉಗುಳಲು ಬೇರೆ ಕಡೆ ಸಿಗುವ ಬೆಂಕಿಯ ಪದಕ ಬೇಕು. ಹೀಗಾದಾಗ ಆ ಕೋಣೆ ಬಿಟ್ಟು ನಕ್ಷೆಯ ಇನ್ನೊಂದು ಕತ್ತಲ ಕೋಣೆಗೆ ಹೋಗಿ. ವಾಪಸ್ ಹೋಗಲು ದೂರವಾದರೆ ಗೇಮ್ ಬಾಯ್ ಹಾರರ್‌ನಲ್ಲಿ ಯಾವುದಾದರೂ ಕನ್ನಡಿಯನ್ನು ನೋಡಿ, ನೇರ ಮುಂಬಾಗಿಲ ಹಜಾರಕ್ಕೆ ಬಂದುಬಿಡುತ್ತೀರಿ. ಈ ಕನ್ನಡಿ ದಾರಿ ಗೊತ್ತಿಲ್ಲದೆ ಸುತ್ತು ಹಾಕುವವರೇ ಜಾಸ್ತಿ.

ಕತ್ತಲ ಕೋಣೆ ಹುಡುಕುವ ಲೆಕ್ಕ ಕೈಕೊಡುವುದು ಒಂದೇ ಕಡೆ. ಮೂರನೇ ಭಾಗ ಮುಗಿದ ಮೇಲೆ ಸಿಡಿಲು ಬಡಿದು ಇಡೀ ಬಂಗಲೆಯ ಕರೆಂಟ್ ಹೋಗುತ್ತದೆ. ನೀವು ಬೆಳಗಿಸಿದ ಕೋಣೆಗಳೂ ಕತ್ತಲಾಗುತ್ತವೆ, ಎಲ್ಲ ಕಡೆ ದೆವ್ವ. ಇಲ್ಲಿ ಒಂದೊಂದನ್ನೂ ಹಿಡಿಯುತ್ತಾ ಕೂರಬೇಡಿ. ಟೆಲಿಫೋನ್ ಕೋಣೆಗೆ ಹೋಗಿ ಕರೆ ತೆಗೆದುಕೊಳ್ಳಿ. ಆಮೇಲೆ ಬಟ್ಟೆಕೋಣೆಗೆ ಹೋಗಿ, ಅಂಕಲ್ ಗ್ರಿಮ್ಲಿ ಅಲ್ಲಿರುತ್ತಾನೆ. ಅವನನ್ನು ಹಿಡಿದರೆ ನೆಲಮಾಳಿಗೆಯ ಬ್ರೇಕರ್ ಕೋಣೆಯ ಕೀಲಿಕೈ ಸಿಗುತ್ತದೆ. ಅಲ್ಲಿ ಸ್ವಿಚ್ ಹಾಕಿದರೆ ದೀಪ ವಾಪಸ್.

ಕೊನೆಯ ಕೀಲಿಕೈ ಇಸ್ಪೀಟ್ (ಸ್ಪೇಡ್) ಗುರುತಿನದು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋರ್ ತಾನು ಬರೆದ ದೆವ್ವಗಳನ್ನೇ ಒಂದೊಂದಾಗಿ ನಿಮ್ಮ ಮೇಲೆ ಬಿಡುತ್ತಾನೆ. ಅವೆಲ್ಲ ಮುಗಿದ ಮೇಲೆ ಅವನೂ ಸೋಲುತ್ತಾನೆ. ಈ ಕೀಲಿಕೈ ತೆರೆಯುವುದು ನೆಲಮಾಳಿಗೆಯ ಗುಪ್ತ ಪೀಠದ ಬಾಗಿಲು. ಕೀಲಿಕೈ ಕೈಯಲ್ಲಿದ್ದರೂ ಅಲ್ಲಿಗೆ ಹೋಗಲು ಬಂಗಲೆಯಲ್ಲಿ ಅಡಗಿರುವ 50 ‘ಬೂ’ಗಳಲ್ಲಿ (ದುಂಡನೆಯ ಬಿಳಿ ದೆವ್ವಗಳು) ಕನಿಷ್ಠ 40 ಹಿಡಿದಿರಬೇಕು. ಅದಕ್ಕೂ ಮೊದಲು ಬಾಲ್ಕನಿಗೆ ಹೋಗಲು 20 ಬೂ ಹಿಡಿದಿರಬೇಕು, ಅದೇ ಲೆಕ್ಕ. ಆದ್ದರಿಂದ ಒಂದು ಕೋಣೆಯ ದೀಪ ಹತ್ತಿದ ಕೂಡಲೇ ಹೊರಡಬೇಡಿ. ಗೇಮ್ ಬಾಯ್ ಹಾರರ್ ಮೇಲಿನ ದೀಪ ಕೆಂಪಾಗಿ ಮಿನುಗುವ ಕಡೆಯ ಪೀಠೋಪಕರಣ ಅಲ್ಲಾಡಿಸಿ, ಅಲ್ಲಿ ಅಡಗಿದ ಬೂವನ್ನು ಆಗಲೇ ಹಿಡಿದುಬಿಡಿ.