ಚಿಲ್ಲರೆಯಲ್ಲಿ ಎರರ್ ನಾಣ್ಯ: ಹುಡುಕುವ ಬಗೆ, ಬೆಲೆ ಕಟ್ಟುವ ಬಗೆ

ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾಗಿ, ಹಾಗೇ ಹೊರಬಂದ ನಾಣ್ಯವೇ ಎರರ್ ನಾಣ್ಯ. ಅಲ್ಲಿ ತಪ್ಪಾಗುವುದು ಮೂರೇ ಕಡೆ: ಲೋಹದ ಪಟ್ಟಿಯಿಂದ ಕತ್ತರಿಸಿದ, ಇನ್ನೂ ಮುದ್ರೆ ಬೀಳದ ಬಿಲ್ಲೆಯಲ್ಲಿ, ಮೇಲಿನ-ಕೆಳಗಿನ ಅಚ್ಚಿನಲ್ಲಿ, ಇಲ್ಲವೇ ಒತ್ತುವ ಕ್ಷಣದಲ್ಲಿ. ಕೈಗೆ ಬಂದ ವಿಚಿತ್ರ ನಾಣ್ಯ ಇವುಗಳಲ್ಲಿ ಎಲ್ಲಿ ಕೆಟ್ಟಿತು ಎಂದು ಹೇಳಲು ಬರದಿದ್ದರೆ ಅದನ್ನು ಎರರ್ ಎಂದು ಎತ್ತಿಡಬೇಡಿ. ಬಸ್ಸಿನ ಗಾಲಿಗೆ ಸಿಕ್ಕಿದ್ದೋ, ಯಾರೋ ಸುತ್ತಿಗೆಯಿಂದ ಬಡಿದದ್ದೋ ಆಗಿರುತ್ತದೆ.

ಬೇಕಾದ ಸಾಮಾನು ಕಡಿಮೆ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, 0.01 ಗ್ರಾಂ ತೋರಿಸುವ ತಕ್ಕಡಿ, ಅಗಲ-ದಪ್ಪ ಅಳೆಯುವ ವರ್ನಿಯರ್, ಒಂದು ಅಯಸ್ಕಾಂತ, ಪಕ್ಕದಿಂದ ಬೆಳಕು ಬೀಳುವ ಟೇಬಲ್ ಲ್ಯಾಂಪ್. ತಕ್ಕಡಿ ಕೊಳ್ಳುವ ಮನಸ್ಸಿಲ್ಲದಿದ್ದರೆ ಪರಿಚಯದ ಪತ್ತಾರರ ಅಂಗಡಿಯಲ್ಲಿ ತೂಗಿಸಬಹುದು.

ಕಲಬುರಗಿ, ಬೀದರ್, ಯಾದಗಿರಿ ಕಡೆ 10 ರೂಪಾಯಿ ನಾಣ್ಯ ತೆಗೆದುಕೊಳ್ಳಲು ಅಂಗಡಿಯವರು ಹಿಂದೆಮುಂದೆ ನೋಡುವುದರಿಂದ ಅವು ಮನೆಯ ಡಬ್ಬಿಯಲ್ಲೇ ಉಳಿದಿರುತ್ತವೆ. ಮೊದಲು ಆ ಡಬ್ಬಿ ಸುರಿಯಿರಿ. ಆಮೇಲೆ ಕಿರಾಣಿ ಅಂಗಡಿಯ ಗಲ್ಲಾ, ಕಂಡಕ್ಟರ್ ಕೊಟ್ಟ ಚಿಲ್ಲರೆ. ಬ್ಯಾಂಕಿನಿಂದ ಸೀಲ್ ಒಡೆಯದ ಚೀಲ ಸಿಕ್ಕರೆ ಇನ್ನೂ ಒಳ್ಳೆಯದು: ಬಳಕೆಯ ಪೆಟ್ಟು ಬಿದ್ದಿರುವುದಿಲ್ಲ, ಅನುಮಾನವೂ ಕಡಿಮೆ.

ಎರರ್ ಅಲ್ಲದ್ದನ್ನು ಮೊದಲು ಬದಿಗಿಡಿ. ಇಸವಿಯ ಕೆಳಗಿನ ಗುರುತು ಯಾವ ಟಂಕಸಾಲೆಯದೆಂದು ಹೇಳುತ್ತದೆ: ನಕ್ಷತ್ರವಿದ್ದರೆ ಹೈದರಾಬಾದ್, ವಜ್ರದ ಆಕಾರವಿದ್ದರೆ ಮುಂಬೈ, ಚುಕ್ಕೆ ಇದ್ದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಬಿಟ್ಟುಹೋಗಿದೆ ಎಂದು ಹಿಗ್ಗಬೇಡಿ. 10 ರೂಪಾಯಿಯಲ್ಲಿ ರೂಪಾಯಿ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. 2011ರ ನಂತರದ 2 ರೂಪಾಯಿ 25 ಮಿ.ಮೀ., 4.85 ಗ್ರಾಂ. ಹಳೆಯ ಸ್ಟೀಲ್ 1 ರೂಪಾಯಿಯದೂ ಇದೇ ಅಳತೆ. ಅದಕ್ಕೆಂದೇ ‘1ರ ಬಿಲ್ಲೆಯ ಮೇಲೆ 2 ಒತ್ತಿದ್ದಾರೆ’ ಎಂದು ಹಲವರು ಮೋಸಹೋಗುತ್ತಾರೆ.

ಈಗ ಅಚ್ಚು ತಿರುಗಿದ ನಾಣ್ಯ, ಅಂದರೆ ಒಂದು ಬದಿಯ ಚಿತ್ರಕ್ಕೆ ಇನ್ನೊಂದು ಬದಿಯದು ವಾರೆಯಾಗಿ ಬಿದ್ದದ್ದು. ಚಿಲ್ಲರೆಯಲ್ಲಿ ಹುಡುಕಲು ಇದಕ್ಕಿಂತ ಸುಲಭದ್ದಿಲ್ಲ, ಲೂಪ್ ಕೂಡ ಬೇಡ. ಸಿಂಹದ ಮುಖ ನೆಟ್ಟಗಿರುವಂತೆ ನಾಣ್ಯವನ್ನು ಮೇಲೂ ಕೆಳಗೂ ಎರಡು ಬೆರಳಲ್ಲಿ ಹಿಡಿದು ಪುಟ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿ. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಕಾಣಬೇಕು. ವಾಲಿದ್ದರೆ ಗಡಿಯಾರದ ಲೆಕ್ಕ ಹಾಕಿ, ಒಂದು ಗಂಟೆಗೆ 30 ಡಿಗ್ರಿ. ಅರ್ಧ ಗಂಟೆಯಷ್ಟು ವಾಲಿದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ. 90, 180 ಡಿಗ್ರಿ ತಿರುಗಿದ್ದನ್ನು ಎತ್ತಿಡಿ.

ಅಂಚಿನಲ್ಲಿ ಅರ್ಧಚಂದ್ರದಂತೆ ಕಚ್ಚು ಬಿದ್ದಿದ್ದರೆ ಅದು ಬಿಲ್ಲೆಯ ತಪ್ಪು: ಪಟ್ಟಿ ಮುಂದೆ ಸರಿಯದೆ, ಆಗಲೇ ತೂತಾದ ಜಾಗದ ಮೇಲೆ ಮತ್ತೆ ಕತ್ತರಿ ಬಿದ್ದಿರುತ್ತದೆ. ನಿಜವಾದ ಕಚ್ಚಿನ ಸರಿ ಎದುರಿನ ಅಂಚು ಸಾಮಾನ್ಯವಾಗಿ ಮಂಕಾಗಿ ಎದ್ದಿರುತ್ತದೆ, ಏಕೆಂದರೆ ಅಂಚು ಎಬ್ಬಿಸುವ ಯಂತ್ರಕ್ಕೆ ಅಲ್ಲಿ ಒತ್ತಡ ಸಿಗುವುದಿಲ್ಲ. ಕಚ್ಚಿನ ಹತ್ತಿರದ ಅಕ್ಷರಗಳೂ ಅದರತ್ತ ಹರಿದಂತೆ ಕಾಣುತ್ತವೆ. ಅರದಿಂದ ಉಜ್ಜಿದ್ದರೆ ಅಕ್ಷರ ಥಟ್ಟನೆ ತುಂಡಾಗುತ್ತದೆ, ಲೂಪಿನಲ್ಲಿ ಗೀರು ಸಿಗುತ್ತದೆ.

ಮುದ್ರೆ ಒಂದು ಕಡೆ ಜಾರಿ, ಉಳಿದ ಭಾಗ ಬರೀ ಲೋಹವಾಗಿದ್ದರೆ ಅದು ಒತ್ತುವಾಗಿನ ತಪ್ಪು. ಜಾರಿದ್ದು ಹೆಚ್ಚಾದಷ್ಟೂ ಬೆಲೆ ಹೆಚ್ಚು. ಇಸವಿ ಉಳಿದಿದ್ದರೆ ಇನ್ನೂ ಹೆಚ್ಚು. ಮಾರಾಟಗಾರರು ‘ಲಖಿ’ ಅನ್ನುವುದು ಬೇರೆ: ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ತಿರುವುಮುರುವಾಗಿ ತಗ್ಗಿನಲ್ಲಿ ಮೂಡುತ್ತದೆ. ಅಂದರೆ ಎರಡೂ ಬದಿಗೆ ಒಂದೇ ಮುಖ, ಒಂದು ಉಬ್ಬು, ಒಂದು ತಗ್ಗು. ಇದಕ್ಕೆ ಬೇಡಿಕೆ ಇರುವುದರಿಂದ ನಕಲಿಯೂ ಹೇರಳ. ಎರಡು ನಾಣ್ಯ ಒಂದರ ಮೇಲೊಂದಿಟ್ಟು ವರ್ಕ್‌ಶಾಪಿನ ಬಿಗಿಯುವ ಸಾಧನವಾದ ವೈಸಿನಲ್ಲಿ ಬಿಗಿದರೆ ಇಂಥದ್ದೇ ಗುರುತು ಬೀಳುತ್ತದೆ, ಆದರೆ ಮೂಲ ಚಿತ್ರ ಚಪ್ಪಟೆಯಾಗಿ ಅಡಿಯಲ್ಲಿ ಉಳಿದಿರುತ್ತದೆ.

10 ರೂಪಾಯಿಯ ನಡುವಿನ ಬಿಲ್ಲೆ ಇಲ್ಲದಿದ್ದರೆ ಒಳಅಂಚು ನೋಡಿ. ನಡು ಇಲ್ಲದೆಯೇ ಒತ್ತಿದ್ದರೆ ಹೊರಬಳೆಯ ಲೋಹ ಒಳಕ್ಕೆ ಹರಿದಿರುತ್ತದೆ. ಒಳಅಂಚು ನೇರ, ಶುದ್ಧವಾಗಿದ್ದರೆ ಆಮೇಲೆ ಹೊಡೆದು ಬೀಳಿಸಿದ್ದು.

ಅಕ್ಷರ ಎರಡೆರಡಾಗಿ ಕಂಡರೆ ಅವಸರ ಬೇಡ. ಒತ್ತಿದ ಮೇಲೆ ಅಚ್ಚು ಅಲುಗಿದರೆ ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲು ಮೂಡಿ, ಮೂಲ ಅಕ್ಷರ ಸಣ್ಣದಾಗುತ್ತದೆ. ಇದು ಸರ್ವೇಸಾಮಾನ್ಯ, ಬೆಲೆಯಿಲ್ಲ. ಅಚ್ಚಿನ ಬಿರುಕು ಕೂದಲಿನಂಥ ಉಬ್ಬುಗೆರೆಯಾಗಿ ಮೂಡುತ್ತದೆ. ಅಚ್ಚಿನ ಅಂಚಿನ ತುಂಡೇ ಒಡೆದು, ನಾಣ್ಯದಲ್ಲಿ ಆ ಜಾಗದಲ್ಲಿ ಲೋಹದ ಗಡ್ಡೆ ಎದ್ದಿದ್ದರೆ ಮಾತ್ರ ಆಸಕ್ತರು ಕೇಳುತ್ತಾರೆ. ಗೀರು ತಗ್ಗಿನಲ್ಲಿದ್ದರೆ ಅದು ಬರೀ ಗೀರು.

ತೂಕ ಸುಳ್ಳು ಹೇಳುವುದಿಲ್ಲ. 2011ರ ನಂತರದ 1 ರೂಪಾಯಿ 3.79 ಗ್ರಾಂ, 2019ರ ಸರಣಿಯದು 3.09. ಹಳೆಯ ದಪ್ಪ 5 ರೂಪಾಯಿ 9 ಗ್ರಾಂ, ಆಮೇಲಿನ ಹಳದಿಯದು 6. 10 ರೂಪಾಯಿ 7.7ರ ಆಸುಪಾಸು. ನಾಣ್ಯ ತೆಳ್ಳಗಾಗಿ, ಅಕ್ಷರ ಕರಗಿದಂತಾಗಿ, ತೂಕವೂ ಬಹಳ ಇಳಿದಿದ್ದರೆ ಆಸಿಡ್ ಕೆಲಸವಿರಬೇಕು. ಹನ್ನೊಂದು ಮೂಲೆಯ ಹಳೆಯ 2 ರೂಪಾಯಿ ತಾಮ್ರ-ನಿಕಲ್‌ನದು, ಅಯಸ್ಕಾಂತಕ್ಕೆ ಹತ್ತುವುದಿಲ್ಲ. ಹತ್ತಿದರೆ ಮತ್ತೊಮ್ಮೆ ಅಳೆದು, ತೂಗಿ ನೋಡಿ.

ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ತಿಕ್ಕಿದ ನಾಣ್ಯದ ಬೆಲೆ ಅಲ್ಲಿಗೇ ಮುಗಿಯಿತು. ಅರಿಶಿನ-ಕುಂಕುಮ ಹತ್ತಿದ್ದರೆ ಸೋಪಿನ ನೀರಲ್ಲಿ ನೆನೆಸಿ, ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಪಿವಿಸಿ ಎಂಬ ಮೆತ್ತನೆ ಪ್ಲಾಸ್ಟಿಕ್ಕಿನ ಕವರ್ ಹಸಿರು ಅಂಟು ಬಿಡುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರ್ ಬಳಸಿ.

ಬೆಲೆ ಕಟ್ಟುವಾಗ ಆನ್‌ಲೈನಿನಲ್ಲಿ ಕೇಳುತ್ತಿರುವ ದರಕ್ಕೆ ಕಿಮ್ಮತ್ತಿಲ್ಲ, ಮಾರಾಟವಾದ ದರ ನೋಡಿ. ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳಲ್ಲಿ ಅದೇ ಮುಖಬೆಲೆ, ಅದೇ ಬಗೆಯ ತಪ್ಪು, ಅದೇ ಸವೆತ ಇರುವ ನಾಣ್ಯ ಹುಡುಕಿ, ಅದರಿಂದ ಕಮಿಷನ್ ಕಳೆಯಿರಿ. ಲೂಪ್ ಇಲ್ಲದೆ ಕೈದೂರದಲ್ಲೇ ಕಾಣುವ ತಪ್ಪಿಗಷ್ಟೇ ಒಳ್ಳೆಯ ಗಿರಾಕಿ ಸಿಗುವುದು. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಸಿಗುತ್ತದೆಂಬ ವಿಡಿಯೊಗಳಿಗೆ ಕಿವಿಗೊಡಬೇಡಿ. ಅದು ಸ್ಮರಣಾರ್ಥದ ನಾಣ್ಯ, ಎರರ್ ಅಲ್ಲವೇ ಅಲ್ಲ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳಿದವರಿಗೆ ಒಂದು ರೂಪಾಯಿಯೂ ಕಳಿಸಬೇಡಿ. ಇಂಥ ವ್ಯವಹಾರ ತಾನು ನಡೆಸುವುದಿಲ್ಲ ಎಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಬೀದರ್, ಕಲಬುರಗಿಯ ಹೊಲಗಳಲ್ಲಿ ನೇಗಿಲಿಗೆ ಸಿಗುವ ಬಹಮನಿ ಕಾಲದ ತಾಮ್ರದ ನಾಣ್ಯಗಳ ದಾರಿ ಬೇರೆ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಮಾರಲು ಫೋಟೊ ಕಳಿಸುವುದಾದರೆ ಎರಡೂ ಬದಿ, ಅಂಚು, ಜೊತೆಗೆ ತಕ್ಕಡಿಯ ಮೇಲಿಟ್ಟ ಒಂದು ಚಿತ್ರ ಇರಲಿ. ಅಚ್ಚು ತಿರುಗಿದ್ದಾದರೆ ಪಕ್ಕಕ್ಕೆ ಮಗುಚಿ ತೋರಿಸುವ ಚಿಕ್ಕ ವಿಡಿಯೊ ಸಾಕು.