ಆನ್-ರೋಡ್ ಮೊತ್ತ ಬಿಟ್ಟು ಸಾಲು ಸಾಲಿಗೂ ಚೌಕಾಶಿ: ಆಷಾಢದಲ್ಲಿ ಕಾರು ಕೊಂಡ ನನ್ನ ಅನುಭವ

ಕಾರು ಶೋರೂಮಿಗೆ ಹೋದವರು ಮೊದಲು ಕೇಳುವುದು "ಆನ್-ರೋಡ್ ಎಷ್ಟಾಗ್ತದ್ರಿ?" ಅಂತ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ ಒಟ್ಟು ಎಷ್ಟು ಅಂತ. ಆಮೇಲೆ "ಲಾಸ್ಟ್ ಎಷ್ಟಕ್ಕ ಕೊಡ್ತೀರಿ?" ಈ ಎರಡೂ ಪ್ರಶ್ನೆಗೆ ಅವರ ಹತ್ತಿರ ಉತ್ತರ ರೆಡಿ ಇರುತ್ತದೆ. ಹತ್ತು ಸಾವಿರ ಬಿಟ್ಟಂತೆ ಮಾಡುತ್ತಾರೆ, ಮ್ಯಾಟು, ಮಡ್ ಫ್ಲ್ಯಾಪು ಫ್ರೀ ಅನ್ನುತ್ತಾರೆ, ನಾವು ಖುಷಿಯಾಗಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಆ ಹತ್ತು ಸಾವಿರ ಯಾವ ಸಾಲಿನಿಂದ ಬಂತು, ಯಾವ ಸಾಲಿನಲ್ಲಿ ವಾಪಸ್ ಹೋಯಿತು ಅಂತ ಯಾರೂ ನೋಡುವುದಿಲ್ಲ.

ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ಭತ್ತದ ಅಡತಿ ಅಂಗಡಿ ಇಟ್ಟವನು. ಚೌಕಾಶಿ ನನಗೆ ದಿನದ ಕೆಲಸ. 2024ರ ಆಷಾಢದಲ್ಲಿ ಹಳೆ ಕಾರು ಕೊಟ್ಟು ಹೊಸದು ತಂದೆ. ಒಟ್ಟು ಮೊತ್ತದ ಮೇಲೆ ಮಾತೇ ಆಡಲಿಲ್ಲ. ರೇಟ್ ಚೀಟಿಯ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಹಿಡಿದೆ.

ಮೊದಲು ಚೀಟಿ ಕೈಗೆ ಬರಬೇಕು. ಬಾಯಿಮಾತು ಬೇಡ, ಬಿಸಿನೆಸ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಗೀಚಿ ಕೊಡುವುದೂ ಬೇಡ. ಗಂಗಾವತಿ, ಹೊಸಪೇಟೆ, ಬಳ್ಳಾರಿ, ರಾಯಚೂರು, ಎಲ್ಲ ಕಡೆಯಿಂದ ಒಂದೇ ಮಾಡೆಲ್, ಒಂದೇ ವೇರಿಯಂಟ್‌ಗೆ ಬಿಡಿ ಬಿಡಿ ಲೆಕ್ಕದ ಕೊಟೇಶನ್ ವಾಟ್ಸಾಪಿನಲ್ಲಿ ತರಿಸಿಕೊಂಡೆ. ಕೆಲವರು "ನೀವು ಬರ್ರಿ ಸರ್, ಕೂತು ಮಾತಾಡೋಣ" ಅಂದರು. ಲೆಕ್ಕ ಕಳಿಸಿದರೆ ಬರುತ್ತೇನೆ ಅಂದೆ. ಕಳಿಸಿದರು.

ಪಕ್ಕ ಪಕ್ಕ ಇಟ್ಟು ನೋಡಿದರೆ ಎಕ್ಸ್-ಶೋರೂಮ್ ಬೆಲೆ ಎಲ್ಲರದ್ದೂ ಒಂದೇ, 8,60,000. ಅದನ್ನು ಕಂಪನಿ ನಿಗದಿ ಮಾಡುತ್ತದೆ, ಜಿಎಸ್‌ಟಿ ಅದರೊಳಗೇ ಇರುತ್ತದೆ. ರಾಜ್ಯದ ತೆರಿಗೆಯೂ ಒಂದೇ. ಹಾಗಿದ್ದರೂ ಒಟ್ಟು ಮೊತ್ತದಲ್ಲಿ ಮೂವತ್ತು ಸಾವಿರದವರೆಗೆ ಹೆಚ್ಚುಕಮ್ಮಿ. ಆ ವ್ಯತ್ಯಾಸ ಪೂರ್ತಿ ಡೀಲರ್ ಕೈಯಲ್ಲಿರುವ ಸಾಲುಗಳದ್ದು. ಚೌಕಾಶಿ ನಡೆಯಬೇಕಾದದ್ದು ಅಲ್ಲಿ.

ಕೈಗೆ ಸಿಗದ ಸಾಲನ್ನು ಮೊದಲು ಹೇಳಿಬಿಡುತ್ತೇನೆ. ಲೈಫ್‌ಟೈಮ್ ಟ್ಯಾಕ್ಸ್, ಅಂದರೆ ರಿಜಿಸ್ಟ್ರೇಷನ್ ಹೊತ್ತಿಗೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ, ದೇಶದಲ್ಲೇ ಜಾಸ್ತಿ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 5 ಲಕ್ಷದೊಳಗಿನ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಶೇಕಡಾ 13, ಅಲ್ಲಿಂದ 10 ಲಕ್ಷದವರೆಗೆ 14, ಅದರಾಚೆ 20 ಲಕ್ಷದವರೆಗೆ 17, ಇನ್ನೂ ಮೇಲಿದ್ದರೆ 18. ಈ ತೆರಿಗೆಯ ಮೇಲೆ ಮತ್ತೆ ಶೇಕಡಾ 11 ಸೆಸ್. ಅಂದರೆ ನನ್ನ ಕಾರಿಗೆ ಬಿದ್ದದ್ದು ಶೇಕಡಾ 15.54, ಅಂದರೆ 1,33,644 ರೂಪಾಯಿ. ಇದರಲ್ಲಿ ಡೀಲರ್ ಒಂದು ರೂಪಾಯಿ ಬಿಡಲಾರ, ಕೇಳುವುದೂ ದಂಡ. ಕರ್ನೂಲಿನಲ್ಲೋ ಹೈದರಾಬಾದಿನಲ್ಲೋ ಅಗ್ಗ ಅಂತ ಯಾರೋ ಹೇಳುತ್ತಾರೆ. ಅಲ್ಲಿ ಕೊಂಡರೂ ಇಲ್ಲಿ ಕೆಎ 37 ನಂಬರ್ ಬೇಕೆಂದರೆ ಇಲ್ಲಿನ ತೆರಿಗೆಯನ್ನೇ ಕಟ್ಟಬೇಕು.

ತೆರಿಗೆ ವಿಷಯದಲ್ಲಿ ನಮ್ಮ ಕೈಯಲ್ಲಿರುವುದು ಒಂದೇ, ವೇರಿಯಂಟ್ ಆಯ್ಕೆ. ಸೇಲ್ಸ್ ಹುಡುಗ ಮೇಲಿನ ವೇರಿಯಂಟ್ ತೋರಿಸಿ "ಬರೀ ಸ್ವಲ್ಪ ಜಾಸ್ತಿ ಸರ್, ಸನ್‌ರೂಫ್ ಬರ್ತದ" ಅನ್ನುತ್ತಾನೆ. 9,95,000ದ ಕಾರಿಗೆ ತೆರಿಗೆ 1,54,623. 10,05,000ದ ಕಾರಿಗೆ 1,89,643. ಕಾರಿನ ಬೆಲೆ ಹತ್ತು ಸಾವಿರ ಏರಿದರೆ ತೆರಿಗೆ ಮೂವತ್ತೈದು ಸಾವಿರ ಏರುತ್ತದೆ! ಜೊತೆಗೆ 10 ಲಕ್ಷ ದಾಟಿದ ಕಾರಿಗೆ ಶೇಕಡಾ 1 ಟಿಸಿಎಸ್ ಬೇರೆ, ಅಂದರೆ ಡೀಲರ್ ನಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಇನ್‌ಕಮ್ ಟ್ಯಾಕ್ಸ್. ಟಿಸಿಎಸ್ ದುಡ್ಡು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಬರುತ್ತದೆ, ಹಾಕದವರಿಗೆ ಹೋಯಿತು ಅಂತಲೇ. ಈ 10 ಲಕ್ಷದ ಗೆರೆ ಬಗ್ಗೆ ಯಾವ ಶೋರೂಮಿನಲ್ಲೂ ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಇನ್ಶೂರೆನ್ಸ್. ದುಡ್ಡು ಜಾಸ್ತಿ ಅಡಗಿರುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ) ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಈ ನಿಯಮ ಇದೆ. ಅದರ ದರ ಸರ್ಕಾರ ನಿಗದಿ ಮಾಡಿದ್ದು. 1000ದಿಂದ 1500 ಸಿಸಿ ಕಾರಿಗೆ ಆಗ 10,640 ರೂಪಾಯಿ, ಮೇಲೆ ಜಿಎಸ್‌ಟಿ. ಎಲ್ಲಿ ಮಾಡಿಸಿದರೂ ಅಷ್ಟೇ. ಆದರೆ ನಮ್ಮ ಕಾರಿಗೇ ಡ್ಯಾಮೇಜ್ ಆದರೆ ಕೊಡುವ ಭಾಗ ಇದೆಯಲ್ಲ, ಓನ್ ಡ್ಯಾಮೇಜ್ ಅನ್ನುತ್ತಾರೆ, ಅದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಅದರಲ್ಲೇ ಡೀಲರ್‌ಗೆ ಕಮಿಷನ್. ಅದನ್ನು ಒಂದು ವರ್ಷಕ್ಕೆ ಮಾತ್ರ ಮಾಡಿಸಿದರೆ ಸಾಕು.

ಚೀಟಿಯಲ್ಲಿ ವಿಮೆ ಅಂತ 47 ಸಾವಿರ ಬರೆದಿದ್ದರು. ಬಿಡಿಸಿ ಹೇಳಿ ಅಂದರೆ ಝೀರೋ ಡೆಪ್ (ಬದಲಿಸಿದ ಬಿಡಿಭಾಗಕ್ಕೆ ಸವಕಳಿ ಕಡಿಯದೆ ದುಡ್ಡು ಕೊಡುವ ಕವರ್), ಇಂಜಿನ್ ಪ್ರೊಟೆಕ್ಟ್, ಕೀ ಕಳೆದರೆ ಒಂದು, ಟೈರಿಗೆ ಒಂದು, ಲಗೇಜಿಗೆ ಒಂದು ಅಂತ ಪಟ್ಟಿ ಬಂತು. ಕಾರಿನಲ್ಲಿ ನಾನು ಒಯ್ಯುವ ಲಗೇಜ್ ಅಂದರೆ ಭತ್ತದ ಸ್ಯಾಂಪಲ್ ಚೀಲ. ಅದಕ್ಕೂ ವಿಮೆಯಾ? ಝೀರೋ ಡೆಪ್ ಮತ್ತು ಇಂಜಿನ್ ಪ್ರೊಟೆಕ್ಟ್ ಇಟ್ಟುಕೊಂಡು ಉಳಿದದ್ದು ತೆಗೆಸಿದೆ. ಮಳೆಗಾಲದಲ್ಲಿ ನಮ್ಮ ಕಡೆ ಹಳ್ಳ ದಾಟುವವರಿಗೆ ಇಂಜಿನ್ ಕವರ್ ಬೇಕೇ ಬೇಕು.

ಇನ್ನೊಂದು ಇದೆ, ನೋ ಕ್ಲೇಮ್ ಬೋನಸ್. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಅದು ಕಾರಿನದಲ್ಲ, ಮಾಲೀಕನದು. ಹಳೆ ಕಾರಿಗೆ ಸತತ ಐದು ವರ್ಷ ಕ್ಲೇಮ್ ಮಾಡಿರದಿದ್ದರೆ ಶೇಕಡಾ 50 ಬೋನಸ್ ಇರುತ್ತದೆ. ಹಳೆ ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಬೋನಸ್ ಪತ್ರ ತೆಗೆದುಕೊಂಡರೆ ಹೊಸ ಕಾರಿನ ಓನ್ ಡ್ಯಾಮೇಜ್ ಕಂತು ಅರ್ಧಕ್ಕೆ ಇಳಿಯುತ್ತದೆ. ನನಗೆ ಪೂರ್ತಿ 50 ಇತ್ತು. ಯಾವ ಚೀಟಿಯಲ್ಲೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೊರಗಿನ ಏಜೆಂಟ್ ಹತ್ತಿರ ಅದೇ ಕವರ್, ಅದೇ ಐಡಿವಿಗೆ ಲೆಕ್ಕ ಹಾಕಿಸಿದೆ. ಐಡಿವಿ ಅಂದರೆ ಕಾರು ಕಳುವಾದರೆ ಸಿಗುವ ಮೊತ್ತ. ಹೊಸ ಕಾರಿಗೆ ಎಕ್ಸ್-ಶೋರೂಮ್ ಬೆಲೆಯ ಶೇಕಡಾ 95. ಇದನ್ನು ಕಮ್ಮಿ ಮಾಡಿ ಕಂತು ಇಳಿಸಿ ತೋರಿಸುವವರೂ ಇದ್ದಾರೆ, ಅಲ್ಲಿ ಹುಷಾರು. ಏಜೆಂಟ್ ಲೆಕ್ಕ 29 ಸಾವಿರ ಚಿಲ್ಲರೆಗೆ ಬಂತು.

ಆ ಲೆಕ್ಕ ಶೋರೂಮಿನವರಿಗೆ ತೋರಿಸಿದೆ. "ಹೊರಗಿನ ಇನ್ಶೂರೆನ್ಸ್ ಆದರೆ ಕ್ಯಾಶ್‌ಲೆಸ್ ಆಗಲ್ಲ ಸರ್, ಡಿಸ್ಕೌಂಟೂ ಕ್ಯಾನ್ಸಲ್" ಅಂದರು. ವಿಮೆ ಇವರ ಹತ್ತಿರವೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಕ್ಯಾಶ್‌ಲೆಸ್ ಆಗುವುದು ಆ ವರ್ಕ್‌ಶಾಪಿಗೂ ವಿಮಾ ಕಂಪನಿಗೂ ಒಪ್ಪಂದ ಇದ್ದರೆ. ಏಜೆಂಟ್ ಲೆಕ್ಕ ಕೊಟ್ಟ ಕಂಪನಿಯ ಹೆಸರು ಇವರದೇ ವರ್ಕ್‌ಶಾಪಿನ ಬೋರ್ಡಿನಲ್ಲಿತ್ತು. ತೋರಿಸಿದೆ. ಮ್ಯಾನೇಜರ್ ಒಳಗೆ ಹೋಗಿ ಬಂದು 30 ಸಾವಿರಕ್ಕೆ ನಾವೇ ಮಾಡಿಕೊಡುತ್ತೇವೆ ಅಂದ. ಸರಿ ಅಂದೆ. ಕ್ಲೇಮ್ ಬಂದಾಗ ಒಂದೇ ಕಡೆ ಓಡಾಡಿದರೆ ಸಾಕಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಅನ್ನಿಸಿತು.

ಮುಂದಿನ ಸಾಲು "ಹ್ಯಾಂಡ್ಲಿಂಗ್ ಅಂಡ್ ಲಾಜಿಸ್ಟಿಕ್ಸ್, 8,500". ಇದನ್ನು ನೋಡಿ ನಗು ಬಂತು. ಹಿಂದೆ ಅಡತಿ ಅಂಗಡಿಯಲ್ಲಿ ರೈತನ ಪಟ್ಟಿಗೆ ಹಮಾಲಿ, ತೂಕ, ಚೀಲ, ಧರ್ಮ ಅಂತ ಒಂದೊಂದೇ ಕಡಿತ ಹಾಕುತ್ತಿದ್ದರು ನೋಡಿ, ಥೇಟ್ ಅದೇ. ಕಾರು ಫ್ಯಾಕ್ಟರಿಯಿಂದ ಶೋರೂಮಿಗೆ ಬರುವ ಖರ್ಚು ಎಕ್ಸ್-ಶೋರೂಮ್ ಬೆಲೆಯಲ್ಲೇ ಸೇರಿರುತ್ತದೆ. ಮತ್ತೆ ಯಾವುದರ ಹ್ಯಾಂಡ್ಲಿಂಗು? ಜಗಳ ಮಾಡಲಿಲ್ಲ. "ಈ 8,500ಕ್ಕೆ ಬೇರೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡ್ರಿ, ಯಾವ ಸೇವೆ ಅಂತ ಬರೀರಿ, ಕೊಡ್ತೀನಿ" ಅಂದೆ. ಆ ಸಾಲು ತಾನಾಗಿ ಹೋಯಿತು.

ಆಕ್ಸೆಸರಿ ಸಾಲಿನಲ್ಲಿ 24 ಸಾವಿರದ ಕಿಟ್ ಇತ್ತು. ಸೀಟ್ ಕವರು, ಬಣ್ಣಕ್ಕೆ ಕೋಟಿಂಗು, ಕ್ರೋಮ್ ಪಟ್ಟಿ. ಮ್ಯಾಟ್ ಒಂದನ್ನು ಬಿಟ್ಟು ಎಲ್ಲ ತೆಗೆಸಿ ಹಾಕಿದೆ. ಸೀಟಿನ ಬದಿಗೆ ಏರ್‌ಬ್ಯಾಗ್ ಇರುವ ಕಾರಿಗೆ ಸಿಕ್ಕ ಸಿಕ್ಕ ಸೀಟ್ ಕವರ್ ಹಾಕಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗ ಬೇಕು.

ನನ್ನ ಗೆಳೆಯನೊಬ್ಬನಿಗೆ ಇದೇ ಸಾಲು ಬೇರೆ ರೂಪದಲ್ಲಿ ಬಂತು. ಅವನಿಗೆ ಬೇಕಿದ್ದದ್ದು ತಿಂಗಳುಗಟ್ಟಲೆ ಕಾಯಬೇಕಾದ ದೊಡ್ಡ ಗಾಡಿ. "ಅರವತ್ತು ಸಾವಿರದ ಪ್ಯಾಕೇಜ್ ತಗೊಂಡ್ರೆ ಮುಂದಿನ ವಾರ ಡೆಲಿವರಿ" ಅಂದರಂತೆ. ಎಕ್ಸ್-ಶೋರೂಮ್ ಬೆಲೆ ಮುಟ್ಟುವ ಹಾಗಿಲ್ಲ, ಅದಕ್ಕೆ ಮೇಲಿನ ದುಡ್ಡು ಆಕ್ಸೆಸರಿ ವೇಷ ಹಾಕಿಕೊಂಡು ಬರುತ್ತದೆ. ಇಂಥ ಗಾಡಿಗೆ ಚೌಕಾಶಿ ನಡೆಯುವುದಿಲ್ಲ. ಬುಕಿಂಗ್ ಹಣ ವಾಪಸ್ ಬರುತ್ತದೆ ಅಂತ ಬರಹದಲ್ಲಿ ತೆಗೆದುಕೊಂಡು ಬೇರೆ ಬೇರೆ ಊರಲ್ಲಿ ಬುಕ್ ಮಾಡಿಡು ಅಂದೆ. ಹಾಗೇ ಮಾಡಿದ, ಪ್ಯಾಕೇಜ್ ಇಲ್ಲದೆ ಸಿಕ್ಕಿತು. ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಇದು. ಒಂದು ಮಾತು: ಬುಕ್ ಮಾಡಿದ ದಿನದ ಬೆಲೆಯಲ್ಲ, ಬಿಲ್ ಆಗುವ ದಿನದ ಬೆಲೆ ಅಂತ ಬುಕಿಂಗ್ ಫಾರ್ಮಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಹಳೆ ಕಾರಿನ ವಿಷಯದಲ್ಲಿ ಮಾತಿನ ಕ್ರಮ ಮುಖ್ಯ. ಎಕ್ಸ್‌ಚೇಂಜ್ ಬೋನಸ್ 20 ಸಾವಿರ ಅಂತ ಬೋರ್ಡ್ ಇತ್ತು. ನಾನು ಬೋನಸ್ ಸುದ್ದಿಯನ್ನೇ ಎತ್ತದೆ, ಸುಮ್ನೆ ಹಳೆ ಕಾರಿಗೆ ಏನು ಕೊಡ್ತೀರಿ ಅಂತ ಮೊದಲು ಕೇಳಿದೆ. ಗಂಗಾವತಿಯ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯ ರೇಟು ಕೈಯಲ್ಲಿತ್ತು. ಒಂದು ಕಡೆ ಅದಕ್ಕಿಂತ 25 ಸಾವಿರ ಕಮ್ಮಿ ಹೇಳಿ, ಆಮೇಲೆ ಬೋನಸ್ ಅಂತ 20 ಸೇರಿಸಿದರು! ಇನ್ನೊಂದು ಕಡೆ ಹೊರಗಿನ ರೇಟಿಗೆ ಸಮ ಮಾಡಿ ಅದರ ಮೇಲೆ ಬೋನಸ್ ಕೊಟ್ಟರು. ಡೀಲ್ ಅಲ್ಲೇ ಮುಗಿಸಿದ್ದು. ಹೊಲ ಇರುವವರು ರೂರಲ್ ಆಫರ್ ಇದೆಯಾ ಅಂತಲೂ ಕೇಳಿ. ಕೆಲವು ಕಂಪನಿಗಳು ಪಹಣಿ ತೋರಿಸಿದರೆ ಕೊಡುತ್ತವೆ, ಕೇಳದಿದ್ದರೆ ಇಲ್ಲ. ನನಗೆ 3 ಸಾವಿರ ಬಂತು.

ಇನ್ನು ಆಷಾಢ. ನಮ್ಮ ಕಡೆ ಆಷಾಢದಲ್ಲಿ ಗಾಡಿ ತರುವುದಿಲ್ಲ. ಅದೇ ಹೊತ್ತಿಗೆ ರೈತರ ದುಡ್ಡೆಲ್ಲ ಬೀಜ, ಗೊಬ್ಬರ, ನಾಟಿಗೆ ಹೋಗಿರುತ್ತದೆ, ಕಾಲುವೆಗೆ ನೀರು ಬಿಡುವುದನ್ನು ಕಾಯುತ್ತಿರುತ್ತಾರೆ. ಶೋರೂಮ್ ಖಾಲಿ. ಆದರೆ ಸೇಲ್ಸಿನವರ ಟಾರ್ಗೆಟ್‌ಗೆ ಆಷಾಢ, ಶ್ರಾವಣ ಅಂತ ಇಲ್ಲ, ಪ್ರತಿ ತಿಂಗಳೂ ಇರುತ್ತದೆ. ಸುಗ್ಗಿ ಮುಗಿದು ಭತ್ತದ ದುಡ್ಡು ಕೈಗೆ ಬಂದಾಗ ಇಲ್ಲವೇ ದಸರಾ, ದೀಪಾವಳಿ ಹೊತ್ತಿಗೆ ಹೋದರೆ ಅವರು ನಿಮ್ಮ ಮುಖ ನೋಡಿ ಮಾತಾಡುವುದೂ ಕಷ್ಟ. ನಾನು ಜುಲೈ ಕೊನೆಯ ದಿನಗಳಲ್ಲಿ ಹೋದೆ. ಅವ್ವ ಒಪ್ಪಲಿಲ್ಲ. "ಬಿಲ್ಲು ಆಷಾಢದಾಗ, ಗಾಡಿ ಶ್ರಾವಣದಾಗ" ಅಂತ ರಾಜಿಯಾಯಿತು. ಜುಲೈ ಲೆಕ್ಕಕ್ಕೆ ಬಿಲ್ ಆಯಿತು, ಕಾರು ಆಗಸ್ಟ್ 5, ಶ್ರಾವಣ ಶುರುವಾದ ಮೇಲೆ ಮನೆಗೆ ಬಂತು. ಹೀಗೆ ಕ್ಯಾಶ್ ಡಿಸ್ಕೌಂಟ್ 15 ಸಾವಿರದಿಂದ 27ಕ್ಕೆ ಏರಿತು. ಡೀಲರ್ ಲಾಭಾಂಶ ಶೇಕಡಾ 3ರಿಂದ 5ರ ಆಸುಪಾಸು ಅಂತ ಅವರೇ ಹೇಳಿಕೊಳ್ಳುತ್ತಾರೆ. ಹಾಗಾಗಿ ಒಂದು ಲಕ್ಷ ಬಿಡಿ ಅಂತ ಹಠ ಹಿಡಿಯುವುದರಲ್ಲಿ ಅರ್ಥವಿಲ್ಲ.

ಸಾಲದ ಬಗ್ಗೆ ಚಿಕ್ಕದಾಗಿ. ಮೊದಲೇ ಬ್ಯಾಂಕಿನಿಂದ ಮಂಜೂರಾತಿ ಪತ್ರ ಇಟ್ಟುಕೊಂಡು ಹೋಗಿ. ಶೋರೂಮಿನ ಫೈನಾನ್ಸ್ ಹುಡುಗ "ಬರೀ 7 ಪರ್ಸೆಂಟ್" ಅಂದರೆ ಫ್ಲಾಟೋ (ಕೊನೆವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ) ರಿಡ್ಯೂಸಿಂಗೋ (ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ) ಕೇಳಿ. ಐದು ವರ್ಷಕ್ಕೆ 7 ಫ್ಲಾಟ್ ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 12.5 ಆಗುತ್ತದೆ.

ಕಾರು ಒಪ್ಪಿಕೊಳ್ಳುವ ಮೊದಲು, ರಿಜಿಸ್ಟ್ರೇಷನ್‌ಗೆ ಹಣ ಕಟ್ಟುವುದಕ್ಕೂ ಮುಂಚೆ, ಸ್ಟಾಕ್‌ಯಾರ್ಡಿಗೆ ಹೋಗಿ ನನಗೆ ಕೊಡಲಿರುವ ಚಾಸಿ ನಂಬರಿನ ಗಾಡಿಯನ್ನೇ ನೋಡಿದೆ. ತಯಾರಾದ ತಿಂಗಳು, ವರ್ಷ ಗಾಡಿಯ ಜೊತೆ ಕಂಪನಿ ಕೊಡುವ ಫಾರ್ಮ್ 22ರಲ್ಲಿ ಇರುತ್ತದೆ. ಟೈರಿನ ಮೇಲೂ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ. ಹಿಂದಿನ ವರ್ಷದ ಗಾಡಿಯಾದರೆ ಡಿಸ್ಕೌಂಟ್ ಬೇರೆ ಲೆಕ್ಕ. ಮಾರುವಾಗ ಒಂದು ವರ್ಷ ಹಳೆಯದಾಗಿಯೇ ಹೋಗುತ್ತದೆ.

ಒಂದು ವಿಷಯ ಸೇರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಹಾಗಾಗಿ ನನ್ನ ಬೆಲೆಗಳನ್ನು ಈಗಿನ ಚೀಟಿಗೆ ಹೋಲಿಸಬೇಡಿ, ಸಾಲುಗಳನ್ನು ಹೋಲಿಸಿ.

ಕೊನೆಯದು ಆರ್‌ಟಿಒ ಸಾಲು. ಚೀಟಿಯಲ್ಲಿ "ಆರ್‌ಟಿಒ 1,42,000" ಅಂತ ಉಂಡೆ ಮೊತ್ತ ಇತ್ತು. ತೆರಿಗೆ 1,33,644. ರಿಜಿಸ್ಟ್ರೇಷನ್ ಫೀ 600, ಸ್ಮಾರ್ಟ್ ಕಾರ್ಡ್ 200, ಕಾರು ಸಾಲಕ್ಕೆ ಅಡವಿದೆ ಅಂತ ಆರ್‌ಸಿಯಲ್ಲಿ ಬರೆಯುವ ಹೈಪಾಥಿಕೇಶನ್ ನಮೂದಿಗೆ 1,500. ಸಣ್ಣಪುಟ್ಟ ಶುಲ್ಕ ಸೇರಿಸಿದರೂ 1,36,000 ಚಿಲ್ಲರೆ. ಉಳಿದದ್ದು ಏನು ಅಂದರೆ "ಮೇಲಿನ ಖರ್ಚು ಸರ್" ಅಂದರು. ಅವತ್ತು ವಾದ ಮಾಡಲಿಲ್ಲ. ರಸೀದಿಯಲ್ಲಿ ಇರುವಷ್ಟೇ ನನ್ನದು, ಹೆಚ್ಚಾದದ್ದು ವಾಪಸ್ ಅಂತ ಆರ್ಡರ್ ಫಾರ್ಮಿನಲ್ಲೇ ಬರೆಸಿ ಮ್ಯಾನೇಜರ್ ಸಹಿ ಹಾಕಿಸಿದೆ. ಆರ್‌ಸಿ ಬಂದ ಮೇಲೆ ತೆರಿಗೆ ಕಟ್ಟಿದ ರಸೀದಿ ಕೇಳಿ ಪಡೆದೆ, ಅದನ್ನೂ ಸಹಿ ಇದ್ದ ಆರ್ಡರ್ ಫಾರ್ಮನ್ನೂ ವಾಟ್ಸಾಪಿನಲ್ಲಿ ಶೋರೂಮಿನ ಅಕೌಂಟ್ಸ್ ವಿಭಾಗಕ್ಕೆ ಕಳಿಸಿದೆ. ಸ್ವಲ್ಪ ಸತಾಯಿಸಿದರು. ಆಮೇಲೆ ಐದು ಸಾವಿರ ಚಿಲ್ಲರೆ ಬ್ಯಾಂಕ್ ಖಾತೆಗೆ ಜಮಾ ಮಾಡಿದರು.