ರಾತ್ರಿ ಸಿಸಿ ಕ್ಯಾಮೆರಾ ಮಂಜಾದರೆ: ಮೊದಲು ಬಟ್ಟೆ, ಆಮೇಲೆ ಮೆನು, ಕೊನೆಗೆ ಹೊಸ ಕ್ಯಾಮೆರಾ

ನಿಚ್ಚಣಿಕೆ ಹುಡುಕುವ ಮೊದಲು ನಿನ್ನೆ ರಾತ್ರಿಯ ರೆಕಾರ್ಡಿಂಗನ್ನು ಡಿವಿಆರ್‌ಗೆ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಯಂತ್ರ) ಜೋಡಿಸಿದ ಟಿವಿಯಲ್ಲಿ ಹಾಕಿ ನೋಡಿ, ಮೊಬೈಲಿನಲ್ಲಲ್ಲ. ಡೇಟಾ ಉಳಿಸಲು ಮೊಬೈಲ್ ಆ್ಯಪ್ ಸಾಮಾನ್ಯವಾಗಿ ಸಬ್ ಸ್ಟ್ರೀಮನ್ನೇ, ಅಂದರೆ ಕಡಿಮೆ ಪಿಕ್ಸೆಲ್‌ನ ಹಗುರ ಚಿತ್ರವನ್ನೇ, ತೋರಿಸುತ್ತದೆ. ಹಲವು ಡಿವಿಆರ್‌ಗಳಲ್ಲಿ ಅದು ಬರೀ 352×288 ಪಿಕ್ಸೆಲ್. ಆ್ಯಪ್‌ನಲ್ಲಿ ಎಚ್‌ಡಿ ಒತ್ತಿದ ಕೂಡಲೇ ತಿಳಿಯಾಗುವ ಚಿತ್ರಕ್ಕೆ ಬೇರೆ ರಿಪೇರಿ ಬೇಡ.

ಟಿವಿಯಲ್ಲೂ ಮಂಜೇ ಇದ್ದರೆ, ಅದು ಯಾವ ಬಗೆಯ ಮಂಜು ಎಂದು ಗುರುತಿಸಿ. ಗೇಟು, ತುಳಸಿಕಟ್ಟೆ, ನಿಂತ ಬೈಕು ಎಲ್ಲ ಸ್ವಚ್ಛವಾಗಿದ್ದು ನಡೆದು ಬಂದವನ ಮುಖ ಮಾತ್ರ ಕಲಸಿಹೋಗಿದ್ದರೆ ಶಟರ್ (ಒಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) ನಿಧಾನ ಆಗಿದೆ. ಇಡೀ ಚಿತ್ರಕ್ಕೆ ಮಜ್ಜಿಗೆ ಚೆಲ್ಲಿದಂತೆ ಬಿಳುಪು ಹಿಡಿದಿದ್ದರೆ ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹತ್ತಿರದ ಯಾವುದಕ್ಕೋ ಬಡಿದು ವಾಪಸು ಬರುತ್ತಿದೆ. ಬಿಳುಪಿಲ್ಲ, ಆದರೆ ನಿಂತ ವಸ್ತುಗಳ ಅಂಚೂ ಮೆತ್ತಗಿದೆ ಎಂದರೆ ಫೋಕಸ್. ಗೆರೆಗಳು ಓಡುತ್ತಿವೆ, ಚಿತ್ರ ಹೋಗಿ ಬರುತ್ತಿದೆ ಎಂದರೆ ಕರೆಂಟಿನ ಕಡೆ ನೋಡಬೇಕು. ಇದನ್ನು ಗುರುತಿಸದೆ ಹೊಸ ಕ್ಯಾಮೆರಾ ತಂದರೆ ಅದೇ ಗೋಡೆ, ಅದೇ ವೈರು, ಅದೇ ಸೆಟ್ಟಿಂಗಿನಲ್ಲಿ ಅದೂ ಹಾಗೇ ಕಾಣುತ್ತದೆ.

ಧೂಳು, ಬೂದಿ, ಬಲೆ

ನಮ್ಮ ಕಡೆ ಬಿಳುಪಿನ ತೊಂದರೆಗೆ ಮೊದಲು ಹಿಡಿಯಬೇಕಾದ್ದು ಗಾಜನ್ನೇ. ವಿಜಯಪುರದಲ್ಲಿ ಬೇಸಿಗೆಯ ಬಿರುಗಾಳಿಯ ಧೂಳು. ಜಮಖಂಡಿ, ಮುಧೋಳದ ಕಡೆ ಕಬ್ಬು ಕಡಿದ ಮೇಲೆ ರವದಿ (ಕಬ್ಬಿನ ಒಣ ಎಲೆ) ಸುಟ್ಟ ಕರಿ ಬೂದಿ. ಹಗಲಿನಲ್ಲಿ ಈ ತೆಳು ಪದರ ಕಾಣುವುದೇ ಇಲ್ಲ. ರಾತ್ರಿ ಇನ್‌ಫ್ರಾರೆಡ್ ಎಲ್‌ಇಡಿಗಳು ಲೆನ್ಸಿನ ಪಕ್ಕದಲ್ಲೇ ಉರಿಯುವುದರಿಂದ ಗಾಜಿನ ಮೇಲಿನ ಒಂದೊಂದು ಕಣವೂ ಹೊಳೆಯುತ್ತದೆ.

ಒಣ ಬಟ್ಟೆಯಿಂದ ತಿಕ್ಕಬೇಡಿ. ಧೂಳಿನಲ್ಲಿರುವ ಮರಳು ಪ್ಲಾಸ್ಟಿಕ್ ಗುಮ್ಮಟಕ್ಕೆ ಗೀರು ಹಾಕುತ್ತದೆ. ಆ ಗೀರು ಮತ್ತೆ ಹೋಗುವುದಿಲ್ಲ, ರಾತ್ರಿ ಅದೂ ಹೊಳೆಯುತ್ತದೆ. ಮೊದಲು ರಬ್ಬರ್ ಬ್ಲೋವರ್ ಇಲ್ಲವೇ ಮೆತ್ತನೆಯ ಬ್ರಷ್ಷಿನಿಂದ ಧೂಳು ಉದುರಿಸಿ. ಆಮೇಲೆ ಅರ್ಧ ಲೀಟರ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಹಿಂಡಿ, ಒತ್ತದೆ ಒರೆಸಿ. ಬೋರ್‌ವೆಲ್ಲಿನ ಸವಳು ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ. ಇನ್ವರ್ಟರ್ ಬ್ಯಾಟರಿಗೆ ತರುವ ಡಿಸ್ಟಿಲ್ಡ್ ವಾಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಥಿನ್ನರ್, ಪೆಟ್ರೋಲ್, ಅಮೋನಿಯಾ ಇರುವ ಗಾಜಿನ ಸ್ಪ್ರೇ ಮುಟ್ಟಿಸಿದರೆ ಪ್ಲಾಸ್ಟಿಕ್ ಶಾಶ್ವತವಾಗಿ ಮಂಕಾಗುತ್ತದೆ.

ಜೇಡನದು ಬೇರೆಯೇ ಗೋಳು. ಕ್ಯಾಮೆರಾ ಸುತ್ತ ಹುಳ ಸೇರುತ್ತವೆ, ಹುಳದ ಹಿಂದೆ ಜೇಡ ಬರುತ್ತದೆ, ಗಾಳಿಗೆ ಬಲೆ ಅಲ್ಲಾಡಿದಾಗಲೆಲ್ಲ ಮೊಬೈಲಿಗೆ ಅಲಾರಂ. ಹಿಟ್‌ನಂಥ ಹುಳದ ಸ್ಪ್ರೇ ಹೊಡೆಯುವವರಿದ್ದಾರೆ, ಅದರ ಎಣ್ಣೆ ಗಾಜಿನ ಮೇಲೆ ಕೂತರೆ ಬಲೆಗಿಂತ ಕೆಟ್ಟ ಮಂಜು. ಉದ್ದ ಕೋಲಿಗೆ ಬ್ರಷ್ ಕಟ್ಟಿ ವಾರಕ್ಕೊಮ್ಮೆ ಬಲೆ ತೆಗೆಯಿರಿ. ಕ್ಯಾಮೆರಾದಿಂದ 2–3 ಮೀಟರ್ ಆಚೆ ಒಂದು ಬಲ್ಬ್ ಉರಿದರೆ ಹುಳಗಳಲ್ಲಿ ಬಹುಪಾಲು ಅಲ್ಲಿಗೆ ಹೋಗುತ್ತವೆ.

ಗಾಜು ಒರೆಸಿದರೂ ಬಿಳುಪು ಹೋಗದಿದ್ದರೆ ಒಂದು ಪರೀಕ್ಷೆ ಮಾಡಿ. ಮೆನುವಿನಲ್ಲಿ (ಅದನ್ನು ತೆರೆಯುವ ಬಗೆ ಮುಂದಿನ ಭಾಗದಲ್ಲಿದೆ) ಇನ್‌ಫ್ರಾರೆಡ್ ಆಫ್ ಮಾಡಿ, ಒಬ್ಬರು ಪಕ್ಕದಲ್ಲಿ ನಿಂತು ಟಾರ್ಚ್ ಬಿಡಲಿ. ಈಗ ಚಿತ್ರ ತಿಳಿಯಾದರೆ ತಪ್ಪು ಇನ್‌ಫ್ರಾರೆಡ್ ಬಡಿಯುವ ಜಾಗದಲ್ಲಿದೆ. ಸುಣ್ಣ ಹಚ್ಚಿದ ಗೋಡೆಗೆ ಅಂಟಿಸಿದ ಕ್ಯಾಮೆರಾ, ಛಜ್ಜಾದ ಅಡಿಭಾಗ ಚೌಕಟ್ಟಿನಲ್ಲಿ ಬರುವ ಕ್ಯಾಮೆರಾ, ಎದುರಿಗೇ ನೇತಾಡುವ ಕೇಬಲ್, ಬಳ್ಳಿ ಎಲ್ಲ ಇದೇ ಜಾತಿ. ಹತ್ತಿರದ ಬಿಳಿ ಗೋಡೆ ಹೊಳೆದಾಗ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ತಿಳಿದು ಎಕ್ಸ್‌ಪೋಷರ್ ಇಳಿಸುತ್ತದೆ. ಗೋಡೆ ಬೆಳ್ಳಗೆ, ಗೇಟು ಕತ್ತಲು. ಬ್ರಾಕೆಟ್ ಹಾಕಿ ಗೋಡೆಯಿಂದ 15–30 ಸೆಂಟಿಮೀಟರ್ ಹೊರಗೆ ತನ್ನಿ, ಇಲ್ಲವೇ ಗೋಡೆ ಚೌಕಟ್ಟಿನಿಂದ ತಪ್ಪುವಷ್ಟು ಓರೆ ಮಾಡಿ.

ಗುಮ್ಮಟದ ಕ್ಯಾಮೆರಾ ಆಗಿದ್ದರೆ ಮುಚ್ಚಳ ಬಿಚ್ಚಿ ಒಮ್ಮೆ ನೋಡಿ. ಲೆನ್ಸಿನ ಸುತ್ತ ಒಂದು ಫೋಮ್ ಇಲ್ಲವೇ ರಬ್ಬರ್ ಬಳೆ ಇರುತ್ತದೆ. ಅದು ಗುಮ್ಮಟದ ಒಳಮೈಗೆ ಒತ್ತಿಕೊಂಡು ಎಲ್‌ಇಡಿ ಬೆಳಕು ಲೆನ್ಸಿಗೆ ನುಸುಳದಂತೆ ತಡೆಯುತ್ತದೆ. ಬಿಸಿಲಿಗೆ ಅದು ಕುಗ್ಗಿ, ಸರಿದು ಸಂದು ಬಿಟ್ಟರೆ ಎಷ್ಟು ಒರೆಸಿದರೂ ಬಿಳುಪು ಹೋಗದು. ಬಳೆಯನ್ನು ಸರಿಯಾಗಿ ಕೂರಿಸಿ, ಹಾಳಾಗಿದ್ದರೆ ಅಷ್ಟೇ ದಪ್ಪದ ಕರಿ ಫೋಮ್ ಕತ್ತರಿಸಿ ಹಾಕಿ. ಬೆಳಗಾವಿಯ ಜುಲೈ ಮಳೆಯಲ್ಲಿ ಒಳಗೆ ಬೆವರುವ ಗುಮ್ಮಟಕ್ಕೆ ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅಂಚಿನ ರಬ್ಬರ್ ಗ್ಯಾಸ್ಕೆಟ್ ನೋಡಿ ಮುಚ್ಚಿ.

ನಡೆಯುವವರು ಮಾತ್ರ ಕಲಸಿದರೆ

ಕತ್ತಲಾದಂತೆ ಆಟೋ ಮೋಡಿನಲ್ಲಿರುವ ಕ್ಯಾಮೆರಾ ಶಟರನ್ನು 1/25, ಕೆಲವು 1/12 ಸೆಕೆಂಡಿಗೂ ಇಳಿಸುತ್ತವೆ. ಸಾಧಾರಣ ನಡಿಗೆ ಸೆಕೆಂಡಿಗೆ 1.4 ಮೀಟರ್. ಅಂದರೆ 1/12ರಲ್ಲಿ ಒಂದು ಫ್ರೇಮ್ ಮುಗಿಯುವಷ್ಟರಲ್ಲಿ ಅಡ್ಡ ಹೋಗುವವನ ಮುಖ ಸುಮಾರು 12 ಸೆಂಟಿಮೀಟರ್ ಸರಿದಿರುತ್ತದೆ. ಮುಖದ ಅಗಲವೇ 15ರಷ್ಟು. ಇನ್ನು ಗುರುತು ಎಲ್ಲಿ? 1/50ಕ್ಕೆ ತಂದರೆ ಈ ಸರಿತ 3 ಸೆಂಟಿಮೀಟರಿಗೂ ಕಡಿಮೆ, 1/100ರಲ್ಲಿ ಒಂದೂವರೆಗೂ ಕಡಿಮೆ.

ಅನಲಾಗ್ ಎಚ್‌ಡಿ ಕ್ಯಾಮೆರಾದ ಮೆನು ಡಿವಿಆರ್‌ನ ಪಿಟಿಜೆಡ್ (ಕ್ಯಾಮೆರಾ ನಿಯಂತ್ರಣದ) ಪುಟದಿಂದ ತೆರೆಯುತ್ತದೆ, ನೆಟ್‌ವರ್ಕ್ ಕೇಬಲ್ ಅಥವಾ ವೈಫೈಯಲ್ಲಿ ನಡೆಯುವ ಐಪಿ ಕ್ಯಾಮೆರಾದ್ದು ಬ್ರೌಸರ್‌ನಿಂದ. ಎಕ್ಸ್‌ಪೋಷರ್ ಭಾಗದಲ್ಲಿ ಸ್ಲೋ ಶಟರ್ ಅಥವಾ ಸೆನ್ಸ್ ಅಪ್ ಎಂದಿದ್ದರೆ ಆಫ್ ಮಾಡಿ. ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 1/50 ಅಥವಾ 1/100 ಇಟ್ಟರೆ ಬಲ್ಬಿನ ಮಿಣುಕು ಚಿತ್ರದಲ್ಲಿ ಬರುವುದಿಲ್ಲ. ಹಗಲು, ರಾತ್ರಿಗೆ ಬೇರೆ ಬೇರೆ ಪ್ರೊಫೈಲ್ ಇರುವ ಕ್ಯಾಮೆರಾದಲ್ಲಿ ಈ ಬದಲಾವಣೆ ರಾತ್ರಿಯದಕ್ಕೆ ಮಾತ್ರ ಸಾಕು.

ಶಟರ್ ಚುರುಕಾದರೆ ಚಿತ್ರ ಕಪ್ಪಾಗುತ್ತದೆ. ಆಗ ಚಿತ್ರವನ್ನು ಕೃತಕವಾಗಿ ಬೆಳಗಿಸುವ ಗೇನ್ ಏರಿಸಿದರೆ ರವೆ ಚೆಲ್ಲಿದಂತೆ ಕಾಳುಕಾಳು. ಕಾಳು ಅಡಗಿಸಲು 3ಡಿ ಡಿಎನ್‌ಆರ್ (ಕಾಳು ಕಡಿಮೆ ಮಾಡುವ ಸೆಟ್ಟಿಂಗ್) ಏರಿಸಿದರೆ ಅದು ಹಿಂದಿನ ಫ್ರೇಮುಗಳನ್ನು ಬೆರೆಸಿ, ನಡೆಯುವವನ ಹಿಂದೆ ಹೊಗೆಯ ಬಾಲ ಎಳೆಯುತ್ತದೆ. ಅಂಗಳದಲ್ಲಿ ಅರ್ಧ ಪಾರದರ್ಶಕ ಮನುಷ್ಯ ಕಂಡರೆ ಪೂಜೆ ಮಾಡಿಸುವ ಮೊದಲು ಡಿಎನ್‌ಆರ್ ನೋಡಿ. 100ಕ್ಕೆ 50 ಇದ್ದರೆ 30ಕ್ಕೆ ಇಳಿಸಿ. ಈ ಸುತ್ತಿನಿಂದ ಹೊರಬರುವ ದಾರಿ ಮೆನುವಿನಲ್ಲಿಲ್ಲ, ಬೆಳಕಿನಲ್ಲಿದೆ: 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬನ್ನು ಕ್ಯಾಮೆರಾದಿಂದ 2–3 ಮೀಟರ್ ಆಚೆ, ಹಿಂದೆ ಅಥವಾ ಪಕ್ಕಕ್ಕೆ, ಚೌಕಟ್ಟಿನೊಳಗೆ ಕಾಣದಂತೆ ಹಾಕಿ.

ಫೋಕಸ್ ವಿಷಯ ಚಿಕ್ಕದು. ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವ ಬೆಳಕಿಗಿಂತ ತುಸು ಬೇರೆ ದೂರದಲ್ಲಿ ಕೂಡುತ್ತದೆ. ಕೈಯಿಂದ ತಿರುಗಿಸುವ 2.8–12 ಎಂಎಂ ಲೆನ್ಸನ್ನು ಮಧ್ಯಾಹ್ನ ಫೋಕಸ್ ಮಾಡಿ ಹೋದರೆ ರಾತ್ರಿ ಮೆತ್ತಗಾಗುವುದು ಇದಕ್ಕೇ. ಕತ್ತಲಾದ ಮೇಲೆ, ಇನ್‌ಫ್ರಾರೆಡ್ ಉರಿಯುತ್ತಿರುವಾಗ, ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಿ ಫೋಕಸ್ ಮಾಡಿ, ತಿರುಪು ಬಿಗಿ ಮಾಡಿ. ಹಗಲಿನಲ್ಲಿ ಗಿಡಗಳು ನೇರಳೆ ಬಣ್ಣಕ್ಕೆ ಕಂಡರೆ ಒಳಗಿನ ಐಆರ್ ಕಟ್ ಫಿಲ್ಟರ್ (ಹಗಲು ಇನ್‌ಫ್ರಾರೆಡ್ ತಡೆಯುವ ಗಾಜು) ಸಿಕ್ಕಿಕೊಂಡಿದೆ. ಸಂಜೆ ಕ್ಯಾಮೆರಾ ಬಣ್ಣದಿಂದ ಕಪ್ಪುಬಿಳುಪಿಗೆ ತಿರುಗುವಾಗ ಟಿಕ್ ಎಂಬ ಸದ್ದು ಬರಬೇಕು.

ಕರೆಂಟಿನ ಲೆಕ್ಕ

ಹಗಲು ಸರಿ, ಎಲ್‌ಇಡಿ ಹತ್ತಿದ ಕೂಡಲೇ ಗೆರೆ ಅಥವಾ ರೀಸ್ಟಾರ್ಟ್ ಎಂದರೆ ವೋಲ್ಟೇಜ್ ಬೀಳುತ್ತಿದೆ. 0.5 ಚದರ ಎಂಎಂ ತಾಮ್ರದ ವೈರಿನಲ್ಲಿ 50 ಮೀಟರ್ ದೂರ ಎಂದರೆ ಹೋಗಿ ಬರುವ 100 ಮೀಟರ್, ಸುಮಾರು 3.5 ಓಮ್. ಕ್ಯಾಮೆರಾ ಅರ್ಧ ಆಂಪಿಯರ್ ಎಳೆದರೆ 1.75 ವೋಲ್ಟ್ ವೈರಿನಲ್ಲೇ ಹೋಯಿತು. 12 ಹೊರಟದ್ದು 10.25 ತಲುಪುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರಾದರೆ ಇನ್ನೂ ಕಡಿಮೆ. ರಾತ್ರಿಯೇ, ಕ್ಯಾಮೆರಾ ತುದಿಯಲ್ಲಿ, ಅದು ನಡೆಯುತ್ತಿರುವಾಗ ಮಲ್ಟಿಮೀಟರ್ ಹಿಡಿಯಿರಿ. 11ಕ್ಕಿಂತ ಕೆಳಗಿದ್ದರೆ ಮೊದಲು ಡಿಸಿ ಪಿನ್, ಬಿಎನ್‌ಸಿ (ವಿಡಿಯೋ ಕೇಬಲ್) ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ಇದ್ದರೆ ಹೊಸದು ಹಾಕಿ, ಜಂಕ್ಷನ್ ಬಾಕ್ಸಿನೊಳಗೆ ಇಡಿ. ಆಮೇಲೂ ಬೀಳುತ್ತಿದ್ದರೆ ಕ್ಯಾಮೆರಾ ಹತ್ತಿರವೇ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಕೊಡಿ. ಎಸ್‌ಎಂಪಿಎಸ್‌ನ (ಕ್ಯಾಮೆರಾಗಳಿಗೆಲ್ಲ 12 ವೋಲ್ಟ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆ) ತಿರುಪಿನಿಂದ ವೋಲ್ಟೇಜ್ ಏರಿಸುವುದೂ ಉಂಟು. ಅದೇ ಪೆಟ್ಟಿಗೆಯಿಂದ ಹತ್ತಿರದ ಕ್ಯಾಮೆರಾಗಳಿಗೂ ಹೋಗುವುದರಿಂದ 13 ದಾಟಿಸಬೇಡಿ. ಪೆಟ್ಟಿಗೆಯೊಳಗೆ 230 ವೋಲ್ಟ್ ಇರುತ್ತದೆ, ಗೊತ್ತಿದ್ದವರೇ ಮುಟ್ಟಲಿ.

ಇಷ್ಟೆಲ್ಲ ಸರಿಯಿದ್ದೂ ಗೇಟಿನ ಬಳಿಯ ಮುಖ ಗುರುತಾಗದಿದ್ದರೆ ಅದು ಮಂಜಲ್ಲ, ಪಿಕ್ಸೆಲ್ ಕೊರತೆ. ಡಿವಿಆರ್‌ನಲ್ಲಿ 1080ಪಿ ಲೈಟ್ ಎಂದಿದ್ದರೆ ಅದು 960×1080, ಅಡ್ಡಕ್ಕೆ ಅರ್ಧವೇ. ಬಿಟ್‌ರೇಟ್ (ಸೆಕೆಂಡಿಗೆ ಉಳಿಸುವ ಡೇಟಾ) 512 ಕೆಬಿಪಿಎಸ್‌ನಲ್ಲಿದ್ದರೆ ರಾತ್ರಿಯ ಕಾಳೇ ಅದನ್ನು ತಿಂದು ಮುಖ ಚೌಕಚೌಕ ಆಗುತ್ತದೆ. 2 ಮೆಗಾಪಿಕ್ಸೆಲ್, ಎಚ್.265ಕ್ಕೆ (ವಿಡಿಯೋ ಕುಗ್ಗಿಸುವ ವಿಧಾನ) 2048 ಕೊಡಿ. ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 86 ಜಿಬಿ ಬೇಕು, 1 ಟಿಬಿ ಡಿಸ್ಕಿನಲ್ಲಿ 11 ದಿನ ಉಳಿಯುತ್ತದೆ.

ಲೆನ್ಸಿನ ಮಾತೂ ಇದೆ. 2.8 ಎಂಎಂ ಲೆನ್ಸ್ ಇಡೀ ಅಂಗಳ ತೋರಿಸುತ್ತದೆ, ಆದರೆ 1080ಪಿಯಲ್ಲಿ ಅಪರಿಚಿತನ ಮುಖ ಖಚಿತವಾಗಿ ಹಿಡಿಯುವುದು 3 ಮೀಟರ್ ಆಸುಪಾಸಿನವರೆಗೆ ಮಾತ್ರ. ಗೇಟು 6 ಮೀಟರ್ ದೂರವಿದ್ದರೆ ಅದಕ್ಕೊಂದು 6 ಎಂಎಂ ಕ್ಯಾಮೆರಾ ಬೇರೆ ಬೇಕು, ಎರಡೂವರೆ ಮೀಟರ್ ಎತ್ತರದಲ್ಲಿ. ಮಾಳಿಗೆಯ ತುದಿಯಲ್ಲಿ ಹಾಕಿದರೆ ಟೋಪಿ, ನೆತ್ತಿ ಮಾತ್ರ ಕಾಣುತ್ತವೆ. ಗಾಡಿಯ ನಂಬರ್ ಪ್ಲೇಟ್ ಇನ್‌ಫ್ರಾರೆಡ್‌ಗೆ ಕನ್ನಡಿಯಂತೆ ಹೊಳೆದು ಬರೀ ಬಿಳಿ ಪಟ್ಟಿಯಾಗುತ್ತದೆ. ಅದನ್ನು ಓದಲು ಶಟರ್ 1/500 ಅಥವಾ ಅದಕ್ಕೂ ಚುರುಕಾಗಿರಬೇಕು. ಆ ಶಟರ್‌ನಲ್ಲಿ ಓಣಿಯೆಲ್ಲ ಕಗ್ಗತ್ತಲು. ಹಾಗಾಗಿ ಮುಖಕ್ಕೆ ಒಂದು, ನಂಬರಿಗೆ ಒಂದು ಎಂದೇ ಅಂಗಡಿಯವರಿಗೆ ಹೇಳಿ.